ಹೆಚ್ಚಾದ ಅಕ್ಕಿ

ಕೊಟ್ಟೂರಿನಿಂದ ಫೋನ್ ಮಾಡಿದ ಅವ್ವ, "ಬೆಳಗ್ಗೆ ಪ್ರಾರ್ಥನೆ ಮಾಡಿದ್ಯಾ?" ಎಂದು ಕೇಳಿದಳು. "ದಿನವಿಡೀ ಸತ್ಯವೇದವನ್ನೇ ಓದ್ತಿರ್ತೀನಿ, ಬಿಡವ್ವ" ಎಂದೆ. ಸುಳ್ಳೇನಲ್ಲ. ಸತ್ಯವೇದದ ಹಳೆಯ ಕನ್ನಡ ಅನುವಾದಗಳ ಭಾಷೆಯೇ ನನ್ನ ಪಿಎಚ್.ಡಿ. ವಿಷಯ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಈ ಕೆಲಸಕ್ಕೆ ಕೈಹಾಕಿದರು. ಇಡೀ ಬೈಬಲ್ ಕನ್ನಡದಲ್ಲಿ ಹೊರಬಂದದ್ದು 1831ರಲ್ಲಿ. ಮಹಾಪ್ರಬಂಧ ಸಲ್ಲಿಸಲು ನನಗೆ ಉಳಿದಿರುವುದು ಐದೇ ತಿಂಗಳು.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಡಿಗಿ ಮಾಡಿದಾಕಿ ತಾನು ಉಣ್ಣದಿದ್ರ ಹೊಟ್ಟಿ ತುಂಬತೈತೇನವ್ವಾ?"

ಆ ಭಾನುವಾರ ಚರ್ಚಿನಲ್ಲಿ ಲೂಕನ ಸುವಾರ್ತೆಯ 10ನೇ ಅಧ್ಯಾಯ ಓದಿದರು. ಮನೆಗೆ ಬಂದ ಯೇಸುವಿಗಾಗಿ ಮಾರ್ಥ ಓಡಾಡಿ ದುಡಿಯುತ್ತಾಳೆ, ತಂಗಿ ಮರಿಯ ಅವನ ಪಾದದ ಬಳಿ ಕೂತು ಕೇಳುತ್ತಾಳೆ. ವಾರವಿಡೀ ನಾನು ಇದೇ ಭಾಗವನ್ನು ಬೇರೆ ಬೇರೆ ಅನುವಾದಗಳಲ್ಲಿ ಹೋಲಿಸಿದ್ದೆ. ಓದುವಾಗ ನನ್ನ ಕಿವಿ ಒಂದು ಕ್ರಿಯಾಪದಕ್ಕಾಗಿ ಕಾಯುತ್ತಿತ್ತು. ಅದು ಬಂತು, ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಅಷ್ಟರಲ್ಲಿ ವಾಚನ ಮುಗಿದಿತ್ತು. ಕಥೆ ಹೇಳುತ್ತಿದ್ದದ್ದು ನನ್ನ ಬಗ್ಗೆಯೇ ಎಂದು ಹೊಳೆದದ್ದು ವಾಪಸು ಬರುವಾಗ, ಬಸ್ಸಿನಲ್ಲಿ.

ಕಾಯಕವೇ ಕೈಲಾಸ ಎನ್ನುವ ನಾಡಿನಲ್ಲಿ ಹುಟ್ಟಿದವಳು ನಾನು. ದುಡಿಮೆಯೇ ಪ್ರಾರ್ಥನೆ ಎಂದು ವಾದಿಸಿ ಗೆಲ್ಲಬಹುದು. ಆದರೆ ಆ ಪರಂಪರೆಯಲ್ಲೇ ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ಆಸೆಯ ಅಕ್ಕಿ, ಮರಳಿ ಸುರಿದು ಬಾ ಎಂದು ಕಳಿಸಿದವಳು. ವಿಮೋಚನಕಾಂಡದ ಮನ್ನದ ಕಥೆಯೂ ಇದೇ. ಅಡವಿಯಲ್ಲಿ ದಿನದ ಪಾಲನ್ನು ಕೂಡಿಸಿಕೊಳ್ಳಬೇಕು. ನಾಳೆಗೆಂದು ಬಚ್ಚಿಟ್ಟದ್ದು ಹುಳ ಬಿದ್ದು ನಾರುತ್ತದೆ. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು ಕೂಡಿಸಬಹುದು, ಅದೂ ವಿಶ್ರಾಂತಿಗಾಗಿ.

ಹಾಗಾದರೆ ನನ್ನ ಪುರುಸೊತ್ತಿಲ್ಲದ ದಿನಗಳಲ್ಲಿ ಹೆಚ್ಚಾದ ಅಕ್ಕಿ ಎಷ್ಟು? ಪ್ರಬಂಧ ಬರೆಯಲೇಬೇಕು, ಫೆಲೋಶಿಪ್ಪಿನಲ್ಲಿ ಮನೆಗೊಂದಿಷ್ಟು ಕಳಿಸಲೇಬೇಕು. ಆದರೆ ಬಯೋಡೇಟಾದಲ್ಲಿ ಒಂದು ಸಾಲು ಹೆಚ್ಚಲಿ ಎಂದು ಒಪ್ಪಿಕೊಂಡ ಎರಡು ವಿಚಾರ ಸಂಕಿರಣಗಳು? ಅವನ್ನೂ 'ಅನಿವಾರ್ಯ'ದ ಲೆಕ್ಕಕ್ಕೆ ಸೇರಿಸಿ, ದೇವರಿಗೆ ಮಾತ್ರ ಸಮಯವಿಲ್ಲ ಎನ್ನುತ್ತಿದ್ದೆ.

ನಮ್ಮೂರಿನ ತೇರಿಗೆ ದಾವಣಗೆರೆ ಕಡೆಯಿಂದ ಜನ ನಡೆದು ಬರುತ್ತಾರೆ. ಚಿಕ್ಕಂದಿನಲ್ಲಿ ನಮ್ಮ ಮನೆ ಮುಂದೆ ಅವರಿಗೆ ನೀರು ಕೊಡುತ್ತಿದ್ದೆವು. ಕೆಲಸವೆಲ್ಲ ಮುಗಿಸಿ, ಉಳಿದ ಸಮಯದಲ್ಲಿ ನಡೆಯಲು ಹೊರಟವರು ಅವರಲ್ಲಿ ಯಾರೂ ಇರಲಿಲ್ಲ. ಕೆಲಸ ಬಿಟ್ಟು ಬಂದವರು. ಅವರ ನಂಬಿಕೆ ನನ್ನದಲ್ಲ, ಆದರೆ ಸಮಯ ಉಳಿಯುವುದಿಲ್ಲ, ತೆಗೆದಿಡಬೇಕು ಎಂಬುದನ್ನು ಅವರಿಂದ ಕಲಿಯಬೇಕಿತ್ತು.

ಮಾರ್ಥಳನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಯೋಹಾನನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಅವಳು ಮತ್ತೆ ಬರುತ್ತಾಳೆ. ಬೇಥಾನ್ಯದಲ್ಲಿ ಊಟ ನಡೆದಿದೆ, ಆಗಲೂ ಬಡಿಸುತ್ತಿರುವವಳು ಅವಳೇ. ಮರಿಯ ಆಗಲೂ ಪಾದದ ಬಳಿಯೇ. ಈ ಸಲ ಮಾರ್ಥಳಿಂದ ದೂರಿನ ಮಾತಿಲ್ಲ. ನಡುವೆ ಅವಳ ತಮ್ಮ ಲಾಜರ ಸತ್ತು ಬದುಕಿದ್ದ. ಆ ದುಃಖದಲ್ಲಿ ಎದ್ದು ಹೋಗಿ ಯೇಸುವಿನೊಡನೆ ಮಾತಾಡಿದ್ದಳು. ಕೆಲಸ ಕಡಿಮೆಯಾಗಿರಲಿಲ್ಲ. ಯಾರಿಗಾಗಿ ಎಂಬುದು ಮರೆತಿರಲಿಲ್ಲ.

ಒಂದು ವಿಚಾರ ಸಂಕಿರಣಕ್ಕೆ ಬರಲಾಗುವುದಿಲ್ಲವೆಂದು ಬರೆದೆ. ಇನ್ನೊಂದಕ್ಕೆ ಬರೆಯುವ ಧೈರ್ಯ ಇನ್ನೂ ಬಂದಿಲ್ಲ. ಬೆಳಗ್ಗೆ ಕಾಲು ಗಂಟೆ, ಪೆನ್ಸಿಲ್ ದೂರವಿಟ್ಟು, ಒಂದೇ ಅನುವಾದ ಓದುತ್ತೇನೆ. ಕೆಲವು ದಿನ ಕಣ್ಣು ಮತ್ತೆ ಕ್ರಿಯಾಪದದ ಮೇಲೇ ನಿಲ್ಲುತ್ತದೆ. ಆಗ ಅವ್ವನ ಮಾತು ನೆನಪಾಗಿ, ಮೊದಲ ಸಾಲಿಗೆ ಹಿಂದಿರುಗುತ್ತೇನೆ.