ತಾಯಿಯ ಪಾಲಿನ ಹೊಣೆ

ಮಗುವಿಗೆ ಭೇದಿ ಹತ್ತಿದರೆ ಮೊದಲ ಮಾತು ತಾಯಿಯ ಮೇಲೆ ಬೀಳುತ್ತದೆ: ಏನು ತಿನ್ನಿಸಿದಳು, ಕೈ ತೊಳೆದಿದ್ದಳೋ ಇಲ್ಲವೋ. ತಾಯಿಗೆ ಓದು ಬಾರದ, ವಯಸ್ಸು ಚಿಕ್ಕದಿರುವ ಮನೆಗಳಲ್ಲಿ ಭೇದಿ ಹೆಚ್ಚೆಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ದೂಷಿಸುವವರಿಗೆ ಅದೇ ಪುರಾವೆಯಾಗುತ್ತದೆ. ನಮ್ಮ ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ಇಲ್ಲಿ ಎಚ್ಚರಿಸುತ್ತಿದ್ದರು. ಮಣ್ಣು ಹೊತ್ತು ತಂದ ಕತ್ತೆ ಮಡಕೆಗಿಂತ ಮುಂಚೆ ಅಲ್ಲಿದ್ದರೂ ಅವರು ಅದನ್ನು ಮಡಕೆಗೆ ಕಾರಣವೆನ್ನಲಿಲ್ಲ, ‘ಅನ್ಯಥಾಸಿದ್ಧ’ವೆಂದರು; ಏಕೆಂದರೆ ಮಣ್ಣು ಬೇರೆ ದಾರಿಯಲ್ಲಿ ಬಂದರೂ ಮಡಕೆ ಆಗುತ್ತದೆ. ಓದು ಬಾರದ ಮನೆಯಲ್ಲೇ ಬಹುತೇಕ ನಲ್ಲಿ ದೂರ, ಶೌಚಾಲಯ ಇಲ್ಲ, ಸೋಪಿಗೆ ದುಡ್ಡು ಸಾಲದು. ಅವುಗಳ ಪಾಲನ್ನು ಕಳೆಯದೆ ಎಲ್ಲವನ್ನೂ ತಾಯಿಯ ಲೆಕ್ಕಕ್ಕೆ ಬರೆಯುವುದು ತರ್ಕದೋಷ. ಓದಿಗೆ ತನ್ನದೇ ಪ್ರಭಾವ ಇದೆಯೆಂದು ಒಪ್ಪೋಣ; ಆಕೆಯನ್ನು ಶಾಲೆ ಬಿಡಿಸಿ ಬೇಗ ಮದುವೆ ಮಾಡಿದವರು ಯಾರು? ಇನ್ನು ಭೇದಿ ತರುವ ರೋಟಾವೈರಸ್. ಲಸಿಕೆ ಬರುವ ಮುನ್ನ ಅದು ಶ್ರೀಮಂತ ದೇಶಗಳಲ್ಲೂ ಐದು ವರ್ಷದೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ತಗುಲುತ್ತಿತ್ತು. ಎಷ್ಟೇ ಶುಚಿಯ ತಾಯಿಯೂ ಅದನ್ನು ಹೊಸಿಲಲ್ಲಿ ತಡೆಯಲಾರದೆ ಹೋದಳು. 2016ರಿಂದ ಭಾರತದ ಸಾರ್ವಜನಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿದ ಆ ಲಸಿಕೆ ಯಾವ ಮನೆಯೂ ಒಂಟಿಯಾಗಿ ಮಾಡಿಕೊಳ್ಳಬಹುದಾದದ್ದಲ್ಲ.

ಹಾಗಾದರೆ ತಾಯಿಗೆ ಹೊಣೆಯೇ ಇಲ್ಲವೆ ಎಂದು ಕೇಳಬಹುದು. ಖಂಡಿತ ಇದೆ. ಆರು ತಿಂಗಳು ಬರೀ ಎದೆಹಾಲು, ಉಣಿಸುವ ಮುನ್ನ ಸೋಪಿನಿಂದ ತೊಳೆದ ಕೈ, ಭೇದಿಯಾದಾಗಲೂ ನಿಲ್ಲಿಸದ ಊಟ, ಇವು ಮಗುವನ್ನು ಕಾಯುತ್ತವೆ. ಆದರೆ ಹೊಣೆ ಶಕ್ತಿಯಷ್ಟೇ ಉದ್ದ. ಹೆತ್ತ ಕೆಲ ವಾರಕ್ಕೇ ಕೂಲಿಗೆ ಹೋಗಬೇಕಾದವಳಿಗೆ ಎದೆಹಾಲಿನ ಉಪದೇಶ ಕೊಟ್ಟು ಬಿಡುವು ಕೊಡದಿದ್ದರೆ, ತಪ್ಪಿದವರು ಉಪದೇಶ ಕೊಟ್ಟವರು. ಭೇದಿಯಾದ ಮಗುವಿಗೆ ನೀರು ಕೊಡಬೇಡ ಎಂದು ಹಿರಿಯರು ತಡೆದಾಗ ಎದುರಾಡುವ ಬಲ ಎಷ್ಟು ಸೊಸೆಯಂದಿರಿಗಿದೆ?

ಇನ್ನೊಂದು ಆಕ್ಷೇಪ ಹಳೆಯದು: ಎಲ್ಲ ಮಗುವಿನ ಪೂರ್ವಕರ್ಮ, ಹಣೆಬರಹ. ಇದಕ್ಕೆ ಉತ್ತರ ಒಂದು ಘಟನೆಯಲ್ಲಿದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬಂಗಾಂವ್‌ನಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹಾಕುವ ಸಲೈನ್ ಸಾಲದಾದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಂದ ಕುಡಿಸಿದರು. ಕುಡಿಸಿದವರು ರೋಗಿಗಳ ಮನೆಯವರೇ. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಕರ್ಮ ಫಲಿಸುತ್ತದೆ ಎಂದು ನಂಬುವವರೂ ಅದು ಯಾರದೋ ಕೈಯ ಮೂಲಕವೇ ಫಲಿಸುತ್ತದೆ ಎಂದು ಒಪ್ಪುತ್ತಾರೆ. ಆ ಕೈಗಳು ನಮ್ಮವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭೇದಿಯಾದ ಮಕ್ಕಳಲ್ಲಿ ಇಂಥದೇ ಉಪ್ಪು-ಗ್ಲೂಕೋಸ್ ದ್ರಾವಣವಾದ ಓಆರ್‌ಎಸ್ ಸಿಕ್ಕಿದ್ದು ಸುಮಾರು ಶೇ. 60ಕ್ಕೆ. ಉಳಿದವರ ಲೆಕ್ಕವನ್ನು ಕೇಳಬೇಕಾದದ್ದು ತಾಯಂದಿರನ್ನಲ್ಲ. ಪಂಚಾಯಿತಿಯನ್ನು, ಆರೋಗ್ಯ ಇಲಾಖೆಯನ್ನು, ಮನೆಯ ಗಂಡಸರನ್ನು.