ಕೂಲಿ ಗೊತ್ತು ಮಾಡುವವರು

ಚಳ್ಳಕೆರೆಗೆ ಸೊಸೆಯಾಗಿ ಬಂದ ಮೇಲೆ ಶೇಂಗಾ ಎಣ್ಣೆಯ ವಾಸನೆಗೆ ಒಗ್ಗಿಕೊಂಡೆನೇ ಹೊರತು ಲೆಕ್ಕಪತ್ರಕ್ಕೆ ಒಗ್ಗಿಕೊಳ್ಳಲಿಲ್ಲ. ನಮ್ಮ ಮನೆಯವರು ಯಾವ ಕಾಲದಲ್ಲೋ ನನ್ನ ಹೆಸರಿಗೆ ಇನ್ಫೋಸಿಸ್ ಕಂಪನಿಯ ನಾಲ್ಕಾರು ಷೇರು ಕೊಂಡಿಟ್ಟಿದ್ದರು. ಲಾಭಾಂಶ ಬಂದರೆ ಖುಷಿ. ಜೊತೆಗೆ ಬರುವ ದಪ್ಪ ಪುಸ್ತಕ ನೇರವಾಗಿ ರದ್ದಿಗೆ. 2017ರಲ್ಲಿ ಒಂದು ಮತಪತ್ರ ಬಂತು. ಕಂಪನಿಯ ಹಿರಿಯ ಅಧಿಕಾರಿ ಪ್ರವೀಣ್ ರಾವ್ ಅವರ ಸಂಬಳ ಏರಿಸಲು ನನ್ನ ಒಪ್ಪಿಗೆ ಇದೆಯೇ ಎಂದು ಕೇಳಿದ್ದರು. ಕೆಲಸದವಳಿಗೆ ಐವತ್ತು ರೂಪಾಯಿ ಜಾಸ್ತಿ ಕೊಡಬೇಕಾದರೂ ಯಜಮಾನರ ಮುಖ ನೋಡುವ ನನ್ನನ್ನು! ನಗು ಬಂತು. ಕಾಗದವನ್ನು ಡ್ರಾಯರಿಗೆ ಸೇರಿಸಿ ಮರೆತೆ.

ಏಪ್ರಿಲ್ ಮೊದಲ ವಾರ ಪತ್ರಿಕೆಗಳ ತುಂಬ ನಾರಾಯಣಮೂರ್ತಿಯವರ ತಕರಾರು. ಬಹುಪಾಲು ನೌಕರರಿಗೆ ನೂರಕ್ಕೆ ಆರೆಂಟು ರೂಪಾಯಿ ಏರಿಸುವಾಗ ಮೇಲಿನವರೊಬ್ಬರಿಗೆ ಅರವತ್ತು ಎಪ್ಪತ್ತು ಏರಿಸುವುದು ಸರಿಯಲ್ಲ, ಇದರಿಂದ ನೌಕರರ ನಂಬಿಕೆ ಹೋಗುತ್ತದೆ ಎಂದಿದ್ದರು. ಆ ಅಧಿಕಾರಿಯ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ, ಅಭಿಮಾನವೇ ಇತ್ತು. ಅಷ್ಟರಲ್ಲಿ ಮತದಾನ ಮುಗಿದು ಸಂಬಳಕ್ಕೆ ಒಪ್ಪಿಗೆಯೂ ಸಿಕ್ಕಿತ್ತು.

ಆ ವಾರವೇ ಮೊಳಕಾಲ್ಮೂರಿಗೆ, ದೊಡ್ಡಮ್ಮನ ಮನೆಗೆ ಹೋಗಿದ್ದೆ. ರೇಷ್ಮೆ, ಜರಿ ಎಲ್ಲ ಸಾಹುಕಾರರದು. ಮಗ್ಗ ಮತ್ತು ರಟ್ಟೆ ಮಾತ್ರ ದೊಡ್ಡಮ್ಮನದು. ಸೀರೆಗೆ ಇಷ್ಟು ಎಂದು ಕೂಲಿ. ಮಾತಿಗೆ ಮಾತು ಬಂದು ಈ ಸುದ್ದಿ ಹೇಳಿದೆ.

"ಅಷ್ಟು ದೊಡ್ಡೋರ ಕೂಲಿ ಗೊತ್ತು ಮಾಡೋರು ಯಾರೇ?"

"ನಿರ್ದೇಶಕರು ಅಂತ ಇರ್ತಾರೆ, ಅವರೊಳಗೇ ಒಂದು ಸಮಿತಿ. ಅವರು ಹೇಳಿದ್ದಕ್ಕೆ ಷೇರು ಇದ್ದೋರು ಹೂಂ ಅನ್ನಬೇಕು."

"ಅಂದ್ರೆ ನೀನೂ?"

"ಹೂಂ."

"ಏನಂದೆ ಮತ್ತೆ?"

"ಏನೂ ಅನ್ನಲಿಲ್ಲ ದೊಡ್ಡಮ್ಮ."

ಲಾಳಿ ನಾಲ್ಕು ಸಲ ಆಚೀಚೆ ಹೋಯಿತು. "ನಮ್ಮ ಕೂಲಿ ಗೊತ್ತು ಮಾಡೋವಾಗ ನನ್ನ ಕರೆದಿದ್ರೆ ಸುಮ್ನೆ ಕೂರ್ತಿರಲಿಲ್ಲ ನಾನು" ಎಂದಳು.

ದೊಡ್ಡ ಕೆಲಸಕ್ಕೆ ದೊಡ್ಡ ಸಂಬಳ ಬೇಡ ಎನ್ನುವ ಹೊಟ್ಟೆಕಿಚ್ಚು ನನಗಿಲ್ಲ. ಸಾವಿರಾರು ಜನರ ಅನ್ನ ಒಬ್ಬರ ತೀರ್ಮಾನದ ಮೇಲೆ ನಿಂತಿರುವಾಗ ಅಂಥವರನ್ನು ಉಳಿಸಿಕೊಳ್ಳಲು ಹೆಚ್ಚು ಕೊಡಬೇಕಾದೀತು. ಆದರೆ ಎಷ್ಟು ಹೆಚ್ಚು, ಅದನ್ನು ಹೇಳುವವರು ಯಾರು? ಸಮಿತಿಯಲ್ಲಿ ಕೂರುವವರೂ ಸಾಮಾನ್ಯವಾಗಿ ಅದೇ ಎತ್ತರದವರು. ಒಬ್ಬರ ತಟ್ಟೆಗೆ ಇನ್ನೊಬ್ಬರು ಬಡಿಸುವಾಗ ಸೌಟು ಧಾರಾಳವಾಗಿಯೇ ಇರುತ್ತದೆ. 2013ರ ಕಂಪನಿ ಕಾಯ್ದೆ ಒಂದು ಒಳ್ಳೆಯ ಕೆಲಸ ಮಾಡಿದೆ. ನೌಕರರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನ ಸಂಬಳದ ಎಷ್ಟು ಪಟ್ಟು ಪ್ರತಿ ನಿರ್ದೇಶಕನಿಗೆ ಹೋಗುತ್ತದೆ ಎಂದು ಷೇರುಪೇಟೆಯ ಕಂಪನಿಗಳು ಪ್ರತಿವರ್ಷ ಪ್ರಕಟಿಸಬೇಕು. ಆ ಪಟ್ಟು ಕಡಿಮೆ ಮಾಡಿ ಎಂದು ಕಾಯ್ದೆ ಹೇಳುವುದಿಲ್ಲ, ತೋರಿಸಿ ಎನ್ನುತ್ತದೆ ಅಷ್ಟೆ. ನೋಡಬೇಕಾದವರು ನಾವು. ನಾನೋ, ಪುಸ್ತಕವನ್ನು ತೂಕಕ್ಕೆ ಹಾಕುತ್ತಿದ್ದವಳು.

ಮೊಳಕಾಲ್ಮೂರಿನ ಕೂಲಿಗೆ ಅಂಥ ಪುಸ್ತಕವೂ ಇಲ್ಲ. ಅಲ್ಲಿ ಮತ ಹಾಕುವವರು ಸೀರೆ ಕೊಳ್ಳುವ ನಾವೇ ಇರಬೇಕು. ಹಿಂದಿನ ದೀಪಾವಳಿಗೆ ಅಂಗಡಿಯವನ ಹತ್ತಿರ ಮುಕ್ಕಾಲು ಗಂಟೆ ಚೌಕಾಸಿ ಮಾಡಿ ಐನೂರು ರೂಪಾಯಿ ಇಳಿಸಿದ್ದೆ, ಮನೆಗೆ ಬಂದು ಎಲ್ಲರಿಗೂ ಹೇಳಿಕೊಂಡಿದ್ದೆ.

ಹೊರಡುವಾಗ ದೊಡ್ಡಮ್ಮ ಕುಂಕುಮ ಕೊಟ್ಟು, ನನ್ನ ಸೆರಗು ಹಿಡಿದು ಜರಿ ನೋಡಿದಳು. "ನಮ್ಮೂರ ನೇಯ್ಗೆ. ಎಷ್ಟು ಕೊಟ್ಟೆ?" ಎಂದಳು. ಬಸ್ಸಿಗೆ ಹೊತ್ತಾಯಿತು ಎಂದೆ.