ಮಾರುವುದೋ, ಮುಚ್ಚುವುದೋ? ಪರಿಗ್ರಹ ಪರಿಮಾಣ ವ್ರತದ ಒಂದು ಪರೀಕ್ಷೆ

ಶ್ರೀ ವೀತರಾಗಾಯ ನಮಃ



ವ್ರತವನ್ನು ಸ್ವೀಕರಿಸುವ ದಿನ ನಾವು ತಿಥಿಯನ್ನು ನೋಡುತ್ತೇವೆ, ಗುರುಸಾನ್ನಿಧ್ಯವನ್ನು ಅರಸುತ್ತೇವೆ, ಬಂಧುಬಳಗವನ್ನು ಕರೆಯುತ್ತೇವೆ. ಅದು ಪೂರ್ಣವಾದಾಗ ಉದ್ಯಾಪನೆಯನ್ನು ನೆರವೇರಿಸಿ, ಯಥಾಶಕ್ತಿ ದಾನವಿತ್ತು, ವಿಧಿಪೂರ್ವಕವಾಗಿ ಮುಗಿಸುತ್ತೇವೆ. ಪ್ರೋಷಧೋಪವಾಸವೂ ಹಾಗೆಯೇ, ಧಾರಣೆಯಿಂದ ಆರಂಭ, ಪಾರಣೆಯಿಂದ ಸಮಾಪ್ತಿ. ಆದರೆ ನಮ್ಮ ವ್ಯಾಪಾರ ಉದ್ಯೋಗಗಳಿಗೆ ಆರಂಭದ ಪೂಜೆಯುಂಟು, ಉದ್ಯಾಪನೆಯಿಲ್ಲ. ಕಲಶವಿಟ್ಟು ಅಂಗಡಿಯ ಬಾಗಿಲನ್ನು ತೆರೆದವರು ಅದನ್ನು ಮುಚ್ಚುವಾಗ ಕತ್ತಲೆಯಲ್ಲಿ ಬೀಗವಿಕ್ಕಿ ಹೊರಟುಬಿಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಈ ವಿಷಯವನ್ನು ಆಲೋಚಿಸಲೇಬೇಕಾದ ಪ್ರಸಂಗವೊಂದು ಕಳೆದ ದಶಲಕ್ಷಣ ಪರ್ವದಲ್ಲಿ ನನಗೆ ಒದಗಿತು.

ಅಂದು ಉತ್ತಮ ಆಕಿಂಚನ್ಯದ ದಿನ. ತುಮಕೂರಿನ ನಮ್ಮ ಮನೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬಂದನು. ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ತೆಂಗು, ಅಡಿಕೆ ಬೆಳೆಗಾರರನ್ನು ದೂರದ ಊರುಗಳ ಖರೀದಿದಾರರೊಡನೆ ಜೋಡಿಸುವ ಜಾಲತಾಣವೊಂದನ್ನು ಅವನು ನಾಲ್ಕು ವರ್ಷಗಳ ಹಿಂದೆ ಆರಂಭಿಸಿದ್ದನು. ತಂದೆ ಜಮೀನಿನ ಮೇಲೆ ಸಾಲ ತೆಗೆದು ಬಂಡವಾಳ ಕೊಟ್ಟಿದ್ದರು. ಆರು ಮಂದಿ ನೌಕರರು, ಎರಡು ಸಾವಿರಕ್ಕೂ ಮಿಕ್ಕಿ ಬೆಳೆಗಾರರು. ಆದರೆ ತಿಂಗಳಿಗೆ ಒಂದೂವರೆ ಲಕ್ಷ ರೂಪಾಯಿ ನಷ್ಟ. ಬ್ಯಾಂಕಿನಲ್ಲಿ ಉಳಿದುದು ಏಳು ಲಕ್ಷ. ಒಂದು ದೊಡ್ಡ ಸಂಸ್ಥೆಯು ನಲವತ್ತು ಲಕ್ಷಕ್ಕೆ ಕೊಳ್ಳಲು ಮುಂದೆ ಬಂದಿತ್ತು. ಅವರಿಗೆ ನೌಕರರು ಬೇಡ. ಬೆಳೆಗಾರರ ಹೆಸರು, ದೂರವಾಣಿ ಸಂಖ್ಯೆ, ಇಳುವರಿ, ಯಾರು ಯಾವಾಗ ಹಣದ ತುರ್ತಿನಲ್ಲಿ ಮಾರುತ್ತಾರೆಂಬ ವಿವರಗಳ ಪಟ್ಟಿ ಬೇಕು. ಅಲ್ಲದೆ, ಮೇಲಿನವರು ಒಪ್ಪಬೇಕಾದರೆ ಕಳೆದ ಆರು ತಿಂಗಳ ಲೆಕ್ಕವು ‘ಸ್ವಲ್ಪ ಚೆನ್ನಾಗಿ’ ಕಾಣುವಂತಿರಲಿ ಎಂದು ಮಧ್ಯಸ್ಥನು ಸೂಚಿಸಿದ್ದನು.

“ಮೇಷ್ಟ್ರೇ, ಮಾರಲೋ, ಮುಚ್ಚಲೋ? ತಾವೇ ಹೇಳಬೇಕು” ಎಂದನು.

ಇಂತಹ ಸಂಕಟ ಅವನೊಬ್ಬನದೇ ಅಲ್ಲ. 2020ರಲ್ಲಿ ಬೆಂಗಳೂರಿನಲ್ಲಿ ‘ಕೂ’ ಎಂಬ ಸಾಮಾಜಿಕ ಜಾಲತಾಣವು ಮೊದಲು ಕನ್ನಡದಲ್ಲಿಯೇ ಆರಂಭವಾಗಿ, ಅನಂತರ ಇತರ ಭಾರತೀಯ ಭಾಷೆಗಳಿಗೆ ಹರಡಿದುದನ್ನು ಓದುಗರು ಬಲ್ಲರು. ಅದೇ ವರ್ಷ ಕೇಂದ್ರ ಸರ್ಕಾರದ ಆತ್ಮನಿರ್ಭರ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನವೂ ದೊರೆಯಿತು. ಮುಂದೆ ಬಂಡವಾಳ ಬತ್ತಿತು. 2023ರಲ್ಲಿ ಸುಮಾರು ಶೇಕಡಾ 30ರಷ್ಟು ನೌಕರರನ್ನು ಕೈಬಿಡಬೇಕಾಯಿತು. ಮಾರಾಟಕ್ಕಾಗಿ ಹಲವು ಸಂಸ್ಥೆಗಳೊಡನೆ ನಡೆದ ಮಾತುಕತೆ ಫಲಿಸದೆ, 2024ರ ಜುಲೈ 3ರಂದು ಸ್ಥಾಪಕರಾದ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ ಅವರು ಅದನ್ನು ಮುಚ್ಚುವುದಾಗಿ ಬಹಿರಂಗವಾಗಿ ತಿಳಿಸಿದರು. ಇದೇ ಅಪ್ರಮೇಯರು ಸಹಸ್ಥಾಪಕರಾಗಿದ್ದ ‘ಟ್ಯಾಕ್ಸಿ ಫಾರ್ ಶ್ಯೂರ್’ ಎಂಬ ಸಂಸ್ಥೆಯನ್ನು 2015ರಲ್ಲಿ ಓಲಾ ಸಂಸ್ಥೆಯು ಸುಮಾರು 20 ಕೋಟಿ ಡಾಲರುಗಳಿಗೆ ಕೊಂಡಿತ್ತು. ಕೊಂಡವರೇ 2016ರ ಆಗಸ್ಟಿನಲ್ಲಿ ಅದನ್ನು ನಿಲ್ಲಿಸಿದರು. ಒಂದನ್ನು ಮಾರಲಾಯಿತು, ಇನ್ನೊಂದನ್ನು ಮುಚ್ಚಲಾಯಿತು. ಇಂದು ಎರಡೂ ಇಲ್ಲ. ಪರ್ಯಾಯವು ನಾಶವಾಗುವುದು ಅದರ ಸ್ವಭಾವ. ಹೀಗಿರಲು, ಮಾರಿದರೆ ಉಳಿಯಿತು, ಮುಚ್ಚಿದರೆ ಅಳಿಯಿತು ಎಂದು ತಿಳಿಯುವುದು ಮೋಹವೇ ಸರಿ. ಶ್ರಾವಕನು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಎರಡರಲ್ಲಿ ಯಾವುದನ್ನು ಮಾಡುವಾಗ ನನ್ನ ವ್ರತವು ಕೆಡದೆ ಉಳಿಯುತ್ತದೆ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಎತ್ತನ್ನು ಅದರ ಶಕ್ತಿಗೆ ಮೀರಿ ದೂರ ಓಡಿಸುವುದು ಅತಿವಾಹನ. ಹೊರಲಾರದಷ್ಟು ಹೇರುವುದು ಅತಿಭಾರವಹನ. ಇಂದು ಎತ್ತಿನ ಗಾಡಿಯಿಲ್ಲದವರು ಈ ಎರಡು ನಮಗೆ ಸಂಬಂಧಿಸಿದುವಲ್ಲವೆಂದು ತಿಳಿಯಬಾರದು. ಸಂಬಳದ ಭರವಸೆಯಿಲ್ಲದಿದ್ದರೂ ‘ಇನ್ನು ಮೂರು ತಿಂಗಳು ದುಡಿಯಿರಿ’ ಎಂದು ಆರು ಮಂದಿಯನ್ನು ಓಡಿಸುವುದು ಅತಿವಾಹನವಲ್ಲವೇ? ನಷ್ಟದ ಹೊರೆಯನ್ನು ವೃದ್ಧ ತಂದೆಯ ಜಮೀನಿನ ಮೇಲೆ ಮತ್ತೆ ಹೇರುವುದು ಅತಿಭಾರವಹನವಲ್ಲವೇ? ಮುಂದೆ ಲಾಭ ಬಂದೀತೆಂದು ಬೇಡದುದನ್ನು ಕೂಡಿಹಾಕುವುದು ಅತಿಸಂಗ್ರಹ. ಇತರರಿಗೆ ದೊರೆತ ಬೆಲೆಯನ್ನು ಕೇಳಿ ಬೆರಗಾಗಿ ಕೊರಗುವುದು ವಿಸ್ಮಯ. ಯೋಗ್ಯ ಬೆಲೆ ಬಂದರೂ ಇನ್ನಷ್ಟಕ್ಕೆ ಹಾತೊರೆಯುವುದು ಲೋಭ.

ನಾನು ಅವನಿಗೆ ಕಾಗದ ಲೇಖನಿ ಕೊಟ್ಟು ಲೆಕ್ಕ ಬರೆಯಿಸಿದೆನು. ನೌಕರರಿಗೆ ಎರಡು ತಿಂಗಳ ಸಂಬಳ 3,60,000 ರೂಪಾಯಿ. ಬೆಳೆಗಾರರಿಗೆ ಸಲ್ಲಬೇಕಾದ ಬಾಕಿ 2,90,000. ಕಟ್ಟಡದ ಬಾಡಿಗೆ ಇತ್ಯಾದಿ 50,000. ಒಟ್ಟು ಏಳು ಲಕ್ಷ. ಬ್ಯಾಂಕಿನಲ್ಲಿದ್ದುದೂ ಏಳು ಲಕ್ಷ! ಅಂದರೆ, ಅಂದು ಮುಚ್ಚಿದರೆ ಯಾರ ಹಂಗೂ ಉಳಿಯದು. ಒಂದು ತಿಂಗಳು ತಡಮಾಡಿದರೆ ಒಂದೂವರೆ ಲಕ್ಷವು ಬೆಳೆಗಾರನ ಕೊಬ್ಬರಿಯ ದುಡ್ಡಿನಿಂದಲೋ ನೌಕರನ ಸಂಬಳದಿಂದಲೋ ಹೋಗಬೇಕು. ಪರರ ಹಣದಿಂದ ಆಶೆಯನ್ನು ಸಾಕುವುದು ಅಚೌರ್ಯಕ್ಕೆ ಹೊಂದುವುದಿಲ್ಲ. ಉದ್ಯಮ ನಡೆಸುವ ಪ್ರತಿಯೊಬ್ಬ ಶ್ರಾವಕನೂ ಸಂಕಟ ಬರುವುದಕ್ಕೆ ಮೊದಲೇ ಈ ದಿನಾಂಕವನ್ನು ಲೆಕ್ಕಹಾಕಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅದೂ ಒಂದು ಪರಿಮಾಣವೇ.

ಇನ್ನು ಮಾರಾಟದ ವಿಚಾರ. ಮಾರುವುದು ಪಾಪವೆಂದು ಯಾರೂ ಹೇಳರು; ಪ್ರಾಮಾಣಿಕ ಕ್ರಯವಿಕ್ರಯ ಗೃಹಸ್ಥಧರ್ಮ. ಆದರೆ ಏನನ್ನು ಮಾರುತ್ತೇವೆ ಎಂಬುದನ್ನು ನೋಡಬೇಕು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ಎಣಿಸಿದ್ದಾರೆ. ಲೆಕ್ಕವನ್ನು ‘ಸ್ವಲ್ಪ ಚೆನ್ನಾಗಿ’ ಬರೆಯುವುದು ಕೂಟಲೇಖಕ್ರಿಯೆ. ನಂಬಿ ಇಟ್ಟುದನ್ನು ನುಂಗಿಹಾಕುವುದು ನ್ಯಾಸಾಪಹಾರ. ಬೆಳೆಗಾರನು ತನ್ನ ಇಳುವರಿಯನ್ನೂ ತನ್ನ ಅಡಚಣೆಯನ್ನೂ ಹೇಳಿದುದು ತನ್ನ ತೆಂಗನ್ನು ಮಾರಿಕೊಡಲೆಂದು, ತನ್ನನ್ನೇ ಮಾರಲೆಂದಲ್ಲ. ಆ ಪಟ್ಟಿ ಇವನ ಸ್ವತ್ತಲ್ಲ, ನ್ಯಾಸ. 2023ರಲ್ಲಿ ನಮ್ಮ ಸಂಸತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಕಾಯ್ದೆಯೊಂದನ್ನು ಅಂಗೀಕರಿಸಿ, ಮಾಹಿತಿ ಕೊಟ್ಟವನ ಸಮ್ಮತಿಯನ್ನು ಅದರ ಆಧಾರವಾಗಿ ಮಾಡಿತು. ಶ್ರಾವಕನಿಗೆ ಈ ಕಟ್ಟಳೆ ಹೊಸತಲ್ಲ.

ಹಾಗಾದರೆ ಮುಚ್ಚುವುದು ಸೋಲಲ್ಲವೇ ಎಂದು ಅವನು ಕೇಳಿದನು. ಸಲ್ಲೇಖನದ ವಿಧಿಯನ್ನು ಅವನಿಗೆ ಜ್ಞಾಪಿಸಿದೆನು. ಆ ಮಹಾವ್ರತವನ್ನು ಅಂಗಡಿಯ ಮಾತಿಗೆ ಸರಿಗಟ್ಟುವುದು ನನ್ನ ಉದ್ದೇಶವಲ್ಲ. ಅದರ ಕ್ರಮದಿಂದ ಪಾಠವನ್ನು ಮಾತ್ರ ಕಲಿಯೋಣ. ಮೊದಲನೆಯದಾಗಿ, ಪ್ರತೀಕಾರವಿಲ್ಲದ ಸ್ಥಿತಿ ಬಂದಾಗ ಮಾತ್ರ ಅದಕ್ಕೆ ಅವಕಾಶ. ಔಷಧವಿರುವಾಗ ಬೇಸರದಿಂದ ಬಿಡುವಂತಿಲ್ಲ. ಎರಡನೆಯದಾಗಿ, ಸ್ನೇಹ ವೈರಗಳನ್ನು ತೊರೆದು, ಸ್ವಜನ ಪರಿಜನರನ್ನು ಕ್ಷಮಿಸಿ, ಅವರಿಂದ ಕ್ಷಮೆ ಬೇಡಬೇಕು. ಮೂರನೆಯದಾಗಿ, ತಾನು ಮಾಡಿದ, ಮಾಡಿಸಿದ, ಅನುಮೋದಿಸಿದ ದೋಷಗಳನ್ನು ಕಪಟವಿಲ್ಲದೆ ಆಲೋಚನೆ ಮಾಡಬೇಕು. ಈ ಕ್ರಮವಿದ್ದರೆ ಅಂತ್ಯವು ಸೋಲಾಗುವುದಿಲ್ಲ. ಉದ್ಯಮವನ್ನು ಬದುಕಿಸುವ ದಾರಿಯನ್ನು ಅವನು ಎರಡು ವರ್ಷ ಹುಡುಕಿದ್ದನು. ಔಷಧ ಮುಗಿದಿತ್ತು.

ಈಗ ನನ್ನ ಆಲೋಚನೆಯನ್ನೂ ಮಾಡಬೇಕಾಗಿದೆ. ಆ ಸಂಸ್ಥೆಗೆ ನಾನೂ ನಿವೃತ್ತಿಯ ಹಣದಿಂದ ಎರಡು ಲಕ್ಷ ರೂಪಾಯಿ ಸಾಲ ಕೊಟ್ಟಿದ್ದೆನು. ಮೇಲಿನ ಏಳು ಲಕ್ಷದ ಲೆಕ್ಕದಲ್ಲಿ ಅದು ಸೇರಿಲ್ಲ. ಅವನು ಸಂಕೋಚದಿಂದ ಬರೆಯಲಿಲ್ಲ, ನಾನು ನೋಡಿಯೂ ನೋಡದಂತಿದ್ದೆನು. ‘ನಲವತ್ತು ಲಕ್ಷ’ ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನ ಮನಸ್ಸಿನಲ್ಲಿ ಮೊದಲು ಎದ್ದುದು ಬೆಳೆಗಾರರ ಚಿಂತೆಯಲ್ಲ, ನನ್ನ ಎರಡು ಲಕ್ಷದ ಚಿಂತೆ. ಅಂದು ನನಗೆ ಏಕಭುಕ್ತ. ಹೊಟ್ಟೆ ವ್ರತದಲ್ಲಿತ್ತು, ಮನಸ್ಸು ಬಡ್ಡಿಯನ್ನು ಎಣಿಸುತ್ತಿತ್ತು. ಸಂಜೆಯ ಸಾಮಾಯಿಕದಲ್ಲಿ ಕುಳಿತರೂ ಚಿತ್ತ ನಿಲ್ಲಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಶಿಷ್ಯನ ಮುಂದೆ ಇಂತಹ ಪರೀಕ್ಷೆ ಬಂದಿತು.

2013ರ ಕಂಪನಿ ಕಾಯ್ದೆಯ 248ನೆಯ ಪ್ರಕರಣದಂತೆ, ಕಂಪನಿಯೊಂದು ತಾನಾಗಿ ತನ್ನ ಹೆಸರನ್ನು ದಾಖಲೆಯಿಂದ ತೆಗೆಸಿಕೊಳ್ಳಬೇಕಾದರೆ ಅದರ ಋಣಬಾಧ್ಯತೆಗಳೆಲ್ಲವೂ ತೀರಿರಬೇಕು. ನನ್ನ ಸಾಲವಿರುವವರೆಗೆ ಅವನಿಗೆ ಬಿಡುಗಡೆಯಿಲ್ಲ. ಮಾರನೆಯ ದಿನ ಅನಂತ ಚತುರ್ದಶಿ. ಮಂದಾರಗಿರಿಯ ಬಸದಿಯಲ್ಲಿ ದರ್ಶನ ಮಾಡಿ, ನನ್ನ ಪರಿಗ್ರಹದ ಪರಿಮಾಣವನ್ನು ಎರಡು ಲಕ್ಷದಷ್ಟು ಇಳಿಸಿಕೊಂಡು, ಋಣಮುಕ್ತಿಯ ಪತ್ರವನ್ನು ಬರೆದು ಅವನ ಕೈಗಿತ್ತೆನು. ಇದನ್ನು ಹೊಗಳಿಕೆಗಾಗಿ ಬರೆಯುತ್ತಿಲ್ಲ. ಹೇಗೂ ಮುಳುಗಿದ ಹಣವನ್ನು ತ್ಯಾಗವೆಂದು ಕರೆದುಕೊಳ್ಳುವ ಮಾಯೆಯೂ ಉಂಟೆಂದು ಬಲ್ಲೆ. ನನ್ನ ಭಾವದಲ್ಲಿ ಅದೆಷ್ಟು, ಇದೆಷ್ಟು ಎಂಬುದು ಕೇವಲಿಗಳಿಗೇ ಗೋಚರ.

ಕ್ಷಮಾವಣಿಯ ದಿನ ಅವನು ಆರು ಮಂದಿ ನೌಕರರನ್ನೂ ಮನೆಗೆ ಕರೆದು, ಲೆಕ್ಕದ ಪುಸ್ತಕವನ್ನು ಅವರ ಮುಂದಿಟ್ಟು, ಇದ್ದುದನ್ನು ಇದ್ದಂತೆ ಹೇಳಿ ಕೈಮುಗಿದನು. ಇಬ್ಬರು ಕೋಪಿಸಿಕೊಂಡರು, ಅದು ನ್ಯಾಯವೇ. ಎಲ್ಲರ ಸಂಬಳ, ಎಲ್ಲ ಬೆಳೆಗಾರರ ಬಾಕಿ ಸಂದಾಯವಾಯಿತು. ತಂತ್ರಾಂಶ ಮತ್ತು ಗಣಕಯಂತ್ರಗಳನ್ನು ರೈತರ ಸಂಘವೊಂದು 60,000 ರೂಪಾಯಿಗೆ ಕೊಂಡಿತು. ಮುಕ್ತಾಯದ ಕಾಗದಪತ್ರಗಳ ವೆಚ್ಚಕ್ಕೆ ಅದು ಸರಿಹೋಯಿತು. ಬೆಳೆಗಾರರನ್ನು ಒಬ್ಬೊಬ್ಬರನ್ನಾಗಿ ಕೇಳಿ, ಒಪ್ಪಿದವರ ಹೆಸರನ್ನು ಮಾತ್ರ ಆ ಸಂಘಕ್ಕೆ ಕೊಟ್ಟು, ಉಳಿದುದನ್ನು ಅಳಿಸಿದನು. ತಂದೆಯ ಜಮೀನಿನ ಸಾಲ ಮಾತ್ರ ಹಾಗೆಯೇ ಇದೆ. ಅದನ್ನು ತೀರಿಸಲು ಬೆಂಗಳೂರಿನಲ್ಲಿ ನೌಕರಿಗೆ ಸೇರಿದ್ದಾನೆ. ಧರ್ಮವನ್ನು ಪಾಲಿಸಿದೊಡನೆ ಸಾಲ ಕರಗುತ್ತದೆಂದು ನಾನು ಹೇಳಲಾರೆ. ಉದಯಕ್ಕೆ ಬಂದ ಕರ್ಮವನ್ನು ಸಮತೆಯಿಂದ ಅನುಭವಿಸಿದರೆ ಹೊಸ ಬಂಧವು ತಗ್ಗುವುದೆಂದು ಮಾತ್ರ ಹೇಳಬಲ್ಲೆ.

ಕಳೆದ ತಿಂಗಳು ನಿಟ್ಟೂರಿನ ಶಾಂತಿನಾಥ ಬಸದಿಯಲ್ಲಿ ಅವನ ತಾಯಿ ಸಿಕ್ಕಿದ್ದರು. “ಹುಡುಗ ಈಗ ರಾತ್ರಿ ನಿದ್ದೆ ಮಾಡ್ತಾನೆ ಮೇಷ್ಟ್ರೇ” ಎಂದರು. ನಲವತ್ತು ಲಕ್ಷಕ್ಕೆ ಆ ನಿದ್ದೆ ದೊರೆಯುತ್ತಿತ್ತೇ ಎಂಬುದನ್ನು ಪ್ರತಿಯೊಂದು ಮನೆಯಲ್ಲಿಯೂ ವಿಚಾರಮಾಡಬೇಕಾಗಿ ಪ್ರಾರ್ಥಿಸುತ್ತೇನೆ. ಈ ಬರಹದಲ್ಲಿ ಪ್ರಮಾದವಶದಿಂದ ಆಗಮಕ್ಕೆ ವಿರುದ್ಧವಾದುದೇನಾದರೂ ಬಂದಿದ್ದರೆ ಬಲ್ಲವರು ತಿದ್ದಿ ಕ್ಷಮಿಸಬೇಕು.

ಜೈ ಜಿನೇಂದ್ರ.